ಟಿಪ್ಸು ಗಿರಾಕಿಯದು, ಸಂಬಳ ಗಲ್ಲಾದ್ದು

ಬೆಳಿಗ್ಗೆ ಏಳೂವರೆ. ದಕ್ಷಿಣ ಬೆಂಗಳೂರಿನ ಹಳೆಯ ಹೋಟೆಲು, ಕೂತು ತಿನ್ನುವಂಥದ್ದು. ಬಾಗಿಲಲ್ಲಿ ಕಾಯುತ್ತಿದ್ದ ನಿಮಗೆ ಗಲ್ಲಾದಲ್ಲಿ ಕೂತವರು ಕಣ್ಣಲ್ಲೇ ಮೂಲೆಯ ಮೇಜು ತೋರಿಸುತ್ತಾರೆ. ಮೊದಲು ಕೂತಿದ್ದವರ ಕಾಫಿ ಲೋಟ ಇನ್ನೂ ಅಲ್ಲೇ ಇದೆ. ನೀವು ಕುರ್ಚಿ ಎಳೆಯುವಷ್ಟರಲ್ಲಿ ಕ್ಲೀನರ್ ಬಂದು ಲೋಟ, ತಟ್ಟೆ, ಚಮಚಗಳನ್ನು ಟಬ್ಬಿಗೆ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿ, ನಿಮ್ಮ ಮುಖ ನೋಡದೆ ಹೊರಟುಹೋಗುತ್ತಾನೆ. ಅವನ ಹಿಂದೆಯೇ ಮೂರು ಲೋಟ ನೀರನ್ನು ಒಂದೇ ಕೈಯಲ್ಲಿ ಹಿಡಿದು ಸಪ್ಲೈಯರ್ ಬರುತ್ತಾರೆ.

"ಏನ್ ಕೊಡ್ಲಿ ಸಾರ್?"

"ಬಿಸಿ ಏನಿದೆ?"

"ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಪೂರಿ, ಮಸಾಲೆ, ಸೆಟ್ಟು. ರವಾ ಇಡ್ಲಿ ಈಗ ಇಳೀತಾ ಇದೆ."

ವಯಸ್ಸು ಐವತ್ತೈದರ ಆಸುಪಾಸು. ಕಿವಿಯ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿದೆ. ಅಂಗಿಯ ಜೇಬಿನಲ್ಲಿ ಬಿಲ್ ಪುಸ್ತಕವಿದೆ, ಆದರೆ ನೀವು ಹೇಳಿದ್ದನ್ನು ಅವರು ಬರೆದುಕೊಳ್ಳುವುದಿಲ್ಲ. ಪಕ್ಕದ ಮೇಜಿನವರು ಎರಡು ಸೆಟ್ ದೋಸೆ, ಒಂದು ಖಾಲಿ ದೋಸೆ ಹೇಳಿದ್ದಾರೆ. ಗೋಡೆ ಬದಿಯ ಕುಟುಂಬದ ಮಗುವಿಗೆ ಒಳಗೆ ಕೆಂಪು ಚಟ್ನಿ ಸವರದ ಮಸಾಲೆ ಬೇಕು. ಕಿಟಕಿ ಹತ್ತಿರದ ಅಜ್ಜನಿಗೆ ಸಕ್ಕರೆ ಹಾಕದ ಕಾಫಿ. ಅಜ್ಜ ಇನ್ನೂ ಬಾಯಿ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಐದು ಮೇಜುಗಳ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡು ಅವರು ಅಡುಗೆಮನೆಯ ಕಿಂಡಿಯ ಬಳಿ ಹೋಗಿ ಒಂದೇ ಉಸಿರಿಗೆ ಕೂಗುತ್ತಾರೆ: "ಮೂರ್ ಮಸಾಲೆ, ಒಂದಕ್ಕೆ ಚಟ್ನಿ ಬೇಡ, ಎರಡ್ ಸೆಟ್ಟು, ಒಂದ್ ಖಾಲಿ!"

ಈಗ ಅವರ ಎಡಗೈ ನೋಡಿ. ಅಂಗೈ ಮೇಲೆ ಒಂದು ತಟ್ಟೆ, ಅದರ ಅಂಚಿಗೆ ಆನಿಸಿದಂತೆ ಮಣಿಕಟ್ಟಿನ ಮೇಲೆ ಇನ್ನೊಂದು, ಮುಂದೋಳಿನ ಮೇಲೆ ಮೂರನೆಯದು, ಮೊಣಕೈಯ ಮಡಿಕೆಯಲ್ಲಿ ನಾಲ್ಕನೆಯದು. ಬಲಗೈಯಲ್ಲಿ ಸಾಂಬಾರಿನ ಬಕೆಟ್ಟು. ಕಾವಲಿಯಿಂದ ಈಗಷ್ಟೇ ಎದ್ದ ದೋಸೆಯ ಬಿಸಿ ಸ್ಟೀಲ್ ತಟ್ಟೆಯನ್ನು ದಾಟಿ ಚರ್ಮಕ್ಕೆ ತಾಗುತ್ತಲೇ ಇರುತ್ತದೆ. ಹತ್ತಿರ ಬಂದಾಗ ಕಾಣುತ್ತದೆ: ಮುಂದೋಳಿನ ಒಳಮೈಯಲ್ಲಿ ಕೂದಲೇ ಇಲ್ಲದ, ಹೊಳಪುಗಟ್ಟಿದ ಉದ್ದನೆಯ ಪಟ್ಟಿ. ಅಷ್ಟು ವರ್ಷ ಅಲ್ಲಿ ತಟ್ಟೆ ಕೂತಿದೆ. ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲಿ ತೋಳಿನ ಉದ್ದಕ್ಕೂ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಬರುವವರ ಫೋಟೊ ತೆಗೆಯಲು ಜನ ಫೋನು ಎತ್ತುತ್ತಾರೆ. ಎತ್ತಲಿ, ಅದು ನೋಡಲು ಸೊಗಸೇ. ಆದರೆ ಆ ತೋಳಿಗೆ ತಿಂಗಳ ಕೊನೆಗೆ ಎಷ್ಟು ಸಿಗುತ್ತದೆ ಎಂಬುದನ್ನೂ ಅಷ್ಟೇ ಕುತೂಹಲದಿಂದ ಕೇಳಬೇಕು ಎನ್ನುವುದು ನನ್ನ ಆಸೆ.

ನಿಮ್ಮ ಮಸಾಲೆ ಮುಗಿಯಿತು. ಕಾಫಿಯೂ ಆಯಿತು. ಪುಟ್ಟ ಸ್ಟೀಲ್ ತಟ್ಟೆಯಲ್ಲಿ ಒಂದಿಷ್ಟು ಸೋಂಪು, ಅದರ ಕೆಳಗೆ ಮಡಿಸಿಟ್ಟ ಬಿಲ್ಲು ಬರುತ್ತದೆ. ನೂರಾ ಎಂಬತ್ತಮೂರು ರೂಪಾಯಿ.

ಕೆಲವೇ ವರ್ಷಗಳ ಹಿಂದೆ ಇಲ್ಲಿ ನೀವು ಇನ್ನೂರರ ನೋಟು ಇಡುತ್ತಿದ್ದಿರಿ. ಅವರು ಹದಿನೇಳು ರೂಪಾಯಿ ಚಿಲ್ಲರೆ ತಂದಿಡುತ್ತಿದ್ದರು. ನೀವು ಹತ್ತರ ನೋಟು ಎತ್ತಿಕೊಂಡು ಏಳು ಬಿಡುತ್ತಿದ್ದಿರಿ, ಇಲ್ಲವೇ ಅಷ್ಟನ್ನೂ ಬಿಟ್ಟು ಏಳುತ್ತಿದ್ದಿರಿ. ಈಗ ಮೇಜಿಗೇ ಕ್ಯೂಆರ್ ಕೋಡ್ ಅಂಟಿಸಿದೆ. ಪೈಸೆಗೆ ಪೈಸೆ ಸರಿಯಾಗಿ ನೂರಾ ಎಂಬತ್ತಮೂರು ಹೋಗುತ್ತದೆ. ಗಲ್ಲಾದ ಮೇಲಿನ ಸ್ಪೀಕರ್ ಡಬ್ಬಿ ಹಣ ಬಂತೆಂದು ಗಟ್ಟಿಯಾಗಿ ಹೇಳುತ್ತದೆ. ಯಾರೂ ಜಿಪುಣರಾಗಿಲ್ಲ, ಯಾರಿಗೂ ಕೆಟ್ಟ ಮನಸ್ಸಿಲ್ಲ. ಚಿಲ್ಲರೆ ಎಂಬುದೇ ಮಧ್ಯದಿಂದ ಎದ್ದುಹೋಗಿದೆ. ಆ ಚಿಲ್ಲರೆಯ ಮೇಲೆ ಒಂದು ಸಂಸಾರ ನಿಂತಿತ್ತು ಎಂಬುದು ನಮ್ಮ ಗಮನಕ್ಕೆ ಬಂದೇ ಇಲ್ಲ.

ಪಕ್ಕದ ಮೇಜಿನ ಹುಡುಗ ಒಳ್ಳೆಯವನು. ಫೋನು ತೋರಿಸಿ ಹೇಳುತ್ತಾನೆ: "ಅಣ್ಣ, ಅದ್ರಲ್ಲೇ ಇಪ್ಪತ್ತು ಜಾಸ್ತಿ ಹಾಕಿದೀನಿ, ನಿಮಗೆ."

"ಆಯ್ತು ಸಾರ್."

ಆ ಇಪ್ಪತ್ತು ರೂಪಾಯಿ ಹೋಗಿರುವುದು ಮಾಲೀಕರ ಖಾತೆಗೆ. ಗಲ್ಲಾದಲ್ಲಿ ಕೂತವರು ಬಿಲ್ಲಿಗೂ ಬಂದ ಹಣಕ್ಕೂ ತಾಳೆ ನೋಡಿ ಬರೆದಿಟ್ಟರೆ ಅದು ಇವರಿಗೆ ಬರುತ್ತದೆ, ಗಡಿಬಿಡಿಯಲ್ಲಿ ಬಿಟ್ಟುಹೋದರೆ ಇಲ್ಲ. ನ್ಯಾಯ ಏನೆಂಬುದರಲ್ಲಿ ಗೊಂದಲವಿಲ್ಲ. ಗಿರಾಕಿ ಕಾರ್ಡಿನ ಮೂಲಕ ಕೊಟ್ಟ ಟಿಪ್ಸಿನ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಪ್ರಶ್ನೆ ಇದ್ದದ್ದು ಆದಾಯ ತೆರಿಗೆಯದು: ಹೋಟೆಲಿನ ಮೂಲಕ ಹಾದುಹೋಗುವ ಟಿಪ್ಸನ್ನು ಸಂಬಳವೆಂದು ಎಣಿಸಿ ಮಾಲೀಕರು ತೆರಿಗೆ ಹಿಡಿಯಬೇಕೆ ಎಂದು. ಆ ಹಣ ಸಂಬಳವಲ್ಲ, ನೌಕರರಿಗಾಗಿ ಮಾಲೀಕರು ಕೈಯಲ್ಲಿ ಹಿಡಿದುಕೊಂಡಿರುವ ಹಣವಷ್ಟೇ ಎಂದು ನ್ಯಾಯಾಲಯ ಹೇಳಿತು. ಅಂದರೆ ಹುಡುಗ ಹಾಕಿದ ಇಪ್ಪತ್ತರ ಒಡೆಯ ಈ ಬಿಳಿಕೂದಲಿನವರೇ. ತೀರ್ಪು ದೆಹಲಿಯಲ್ಲಿದೆ, ಗಲ್ಲಾ ಇಲ್ಲಿದೆ. ಹಾಗಾಗಿ ನಗದಾಗಿ ಕೊಡಿ. ಜೇಬಿನಲ್ಲಿ ಹತ್ತು ಇಪ್ಪತ್ತರ ನಾಲ್ಕು ನೋಟು ಇಟ್ಟುಕೊಳ್ಳುವುದು ಈ ಕಾಲದಲ್ಲಿ ಹೋಟೆಲಿಗೆ ಹೋಗುವವರ ಮರ್ಯಾದೆ ಎಂದೇ ನಾನು ತಿಳಿದಿದ್ದೇನೆ.

ಕೊಡುವುದಕ್ಕೂ ಒಂದು ರೀತಿಯಿದೆ. ಬಲಗೈಯಿಂದ, ಮುಖ ನೋಡಿ, ಕೈಗೇ ಕೊಡಿ. ಎಂಜಲು ತಟ್ಟೆಯ ಪಕ್ಕ ನಾಣ್ಯ ಉರುಳಿಸಿ ಏಳಬೇಡಿ. ಕೂತು ತಿನ್ನುವ ಸಾಧಾರಣ ಹೋಟೆಲಿನಲ್ಲಿ ಹತ್ತು, ಇಪ್ಪತ್ತು. ಮನೆಮಂದಿಯೆಲ್ಲ ಕೂತು ಎರಡು ಸಲ ಅನ್ನ ಸಾರು ಹಾಕಿಸಿಕೊಂಡು ಉಂಡಿದ್ದರೆ ಐವತ್ತು. ನಮ್ಮಲ್ಲಿ ಶೇಕಡಾ ಇಷ್ಟೆಂಬ ಕಟ್ಟಳೆ ಇಲ್ಲ, ಬರುವುದೂ ಬೇಡ. ಕೈ ಬಿಗಿಯಿರುವ ದಿನ ಏನೂ ಕೊಡದೆ "ಬರ್ತೀನಿ ಅಣ್ಣ" ಎಂದು ಎದ್ದರೂ ತಪ್ಪಿಲ್ಲ. ಚಿಟಿಕೆ ಹೊಡೆದು ಕರೆದು, ತಂದೆಯ ವಯಸ್ಸಿನವರನ್ನು "ಏಯ್" ಎಂದು ಕೂಗಿ, ಹೋಗುವಾಗ ನೂರು ರೂಪಾಯಿ ಎಸೆದರೆ ಆ ತಪ್ಪು ಅಳಿಸುವುದಿಲ್ಲ.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೂರೂವರೆ ಆಗುವ ಹೊತ್ತಿಗೆ ಇನ್ನೊಮ್ಮೆ ಬನ್ನಿ, ಈ ಸಲ ಹಿಂಬದಿಯಿಂದ. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಚೀಟಿ ಅಂಟಿಸಿದೆ: "ಸಪ್ಲೈಯರ್, ಕ್ಲೀನರ್ ಬೇಕಾಗಿದ್ದಾರೆ. ಊಟ ವಸತಿ ಇದೆ." ಸಂಬಳ ಎಷ್ಟೆಂದು ಬರೆದಿಲ್ಲ. ಇಂಥ ಚೀಟಿಯಲ್ಲಿ ಸಂಬಳ ಬರೆದದ್ದನ್ನು ನಾನು ಕಂಡದ್ದೇ ಅಪರೂಪ.

ಒಳಗೆ ಹೆಜ್ಜೆ ಜಾರುತ್ತದೆ, ನೆಲವೆಲ್ಲ ಸೋಪಿನ ನೀರು. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ರಾಯಚೂರು ಕಡೆಯ ಹೆಂಗಸು. ಸೀರೆಯ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡಿದ್ದಾರೆ. ಬೆಳಗಿನಿಂದ ನೀರಿನಲ್ಲೇ ಇದ್ದ ಬೆರಳ ತುದಿಗಳು ಬಿಳುಚಿ ಸುಕ್ಕಾಗಿವೆ. ಬೆರಳ ಸಂದಿಯಲ್ಲಿ ಚರ್ಮ ಒಡೆದಿದೆ. ಬೆಳಿಗ್ಗೆ ನೀವು ತಿಂದ ತಟ್ಟೆಯೂ ಈ ಕೈಗಳಿಗೇ ಬಂದಿತ್ತು. ಇವರನ್ನು ಗಿರಾಕಿ ನೋಡುವುದಿಲ್ಲ, ಇವರ ಕೈಗೆ ಯಾರೂ ಹತ್ತು ರೂಪಾಯಿ ಕೊಡುವುದಿಲ್ಲ. ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವ ಭಟ್ಟರಿಗೂ ಇಲ್ಲ, ಹಿಟ್ಟು ರುಬ್ಬುವವರಿಗೂ ಇಲ್ಲ.

ಸಪ್ಲೈಯರ್‌ಗಳು ಊಟದ ಹಾಲಿನ ಕೊನೆಯ ಮೇಜಿನ ಮೇಲೆ ಡಬ್ಬಿ ಸುರಿದಿದ್ದಾರೆ. ಇಲ್ಲಿ ಟಿಪ್ಸು ಒಟ್ಟುಹಾಕಿ ಹಂಚಿಕೊಳ್ಳುವ ಪದ್ಧತಿ. ಹತ್ತರ ನೋಟುಗಳು ಒಂದು ಕಡೆ, ನಾಣ್ಯಗಳ ಗುಡ್ಡೆ ಇನ್ನೊಂದು ಕಡೆ. ಬಿಳಿಕೂದಲಿನವರು ಎಣಿಸುತ್ತಾರೆ, ಉಳಿದವರು ನೋಡುತ್ತಾರೆ. ಕ್ಲೀನರ್ ಹುಡುಗನಿಗೆ ಅರ್ಧ ಪಾಲು. ಅವನು ಒಡಿಶಾದವನು, ಕನ್ನಡ ಕಲಿತು ವರ್ಷವಾಗಿದೆ. ತನ್ನ ಪಾಲನ್ನು ಎರಡು ಸಲ ಎಣಿಸಿ ಒಳಜೇಬಿಗೆ ಹಾಕಿಕೊಳ್ಳುತ್ತಾನೆ.

"ಅಕ್ಕಂಗೆ?" ಎಂದು ಅವನೇ ಕೇಳುತ್ತಾನೆ, ತೊಟ್ಟಿಯ ಕಡೆ ಗದ್ದ ತೋರಿಸಿ.

ಒಂದು ಕ್ಷಣ ಯಾರೂ ಮಾತಾಡುವುದಿಲ್ಲ. ಮಂಡ್ಯದ ಯುವಕನೊಬ್ಬ ಗೊಣಗುತ್ತಾನೆ: "ಮೊದ್ಲೇ ಕಮ್ಮಿ ಆಗೋಗಿದೆ. ಎಲ್ಲರಿಗೂ ಹಂಚ್ತಾ ಹೋದ್ರೆ ನಮಗೇನು ಉಳಿಯುತ್ತೆ?" ಅವನದೂ ಅನ್ಯಾಯದ ಮಾತಲ್ಲ. ಇಪ್ಪತ್ತು ಜನರ ಹೊಟ್ಟೆಪಾಡನ್ನು ಒಂದು ಡಬ್ಬಿ ಚಿಲ್ಲರೆಯ ಮೇಲೆ ಹೇರಿದರೆ ಬಡವರು ಬಡವರೊಡನೆ ಜಗ್ಗಾಡಬೇಕಾಗುತ್ತದೆ. ಬಿಳಿಕೂದಲಿನವರು ಮಾತಾಡದೆ ತಮ್ಮ ಗುಡ್ಡೆಯಿಂದ ಎರಡು ನೋಟು ತೆಗೆದು ಹುಡುಗನ ಕೈಗಿಟ್ಟು, ಕೊಟ್ಟು ಬಾ ಎಂದು ತಲೆಯಾಡಿಸುತ್ತಾರೆ.

ಆಮೇಲೆ ಅವರು ಕಾಲು ಚಾಚಿ ಕೂತಾಗ ನೀವೂ ಪಕ್ಕದಲ್ಲಿ ಕೂರಿ. ಮೀನಖಂಡದಲ್ಲಿ ನೀಲಿ ನರಗಳು ಗಂಟುಗಟ್ಟಿವೆ. ಊರು ಕುಂದಾಪುರದ ಕಡೆ. ಹನ್ನೆರಡನೇ ವಯಸ್ಸಿಗೆ ಊರಿನವರೊಬ್ಬರ ಜೊತೆ ಬಸ್ಸು ಹತ್ತಿ ಬಂದವರು. ಆಗ ಹೋಟೆಲಿನಲ್ಲಿ ಲೋಟ ತೊಳೆಯುವ 'ಮಾಣಿ'ಗಳೆಲ್ಲ ಅಷ್ಟೇ ವಯಸ್ಸಿನವರು. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ಕೇಂದ್ರ ಸರ್ಕಾರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟರಲ್ಲಿ ಇವರ ಬಾಲ್ಯ ಮುಗಿದು, ಮದುವೆಯಾಗಿ, ಮಕ್ಕಳೂ ಆಗಿದ್ದರು. ಕರಾವಳಿಯ ಬಡಮನೆಗಳ ಮಕ್ಕಳು ಹೀಗೆ ಹೊರಟೇ ಬೆಂಗಳೂರು, ಮುಂಬಯಿ, ಮದ್ರಾಸುಗಳ ಉಡುಪಿ ಹೋಟೆಲುಗಳನ್ನು ಕಟ್ಟಿದರು. ಕೆಲವರು ಮಾಲೀಕರಾದರು. ಹೆಚ್ಚಿನವರು ಆಗಲಿಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕಾರ್ಮಿಕ ಹೋರಾಟದ ಮೊದಲ ಪಾಠ ಕಲಿತದ್ದು ತಮ್ಮೂರಿನ ಸಾರಿಗೆ ಮತ್ತು ಹೋಟೆಲ್ ಕಾರ್ಮಿಕರನ್ನು ಸಂಘಟಿಸುತ್ತಲೇ. ಅಂದರೆ ಹೋಟೆಲ್ ಕಾರ್ಮಿಕರ ಈ ಪ್ರಶ್ನೆ ಸ್ವತಂತ್ರ ಭಾರತದಷ್ಟೇ ಹಳೆಯದು.

"ಬೆಳಿಗ್ಗೆ ಆರಕ್ಕೆ ಇಳೀತೇವೆ," ಎನ್ನುತ್ತಾರೆ. "ಹನ್ನೊಂದಕ್ಕೆ ಸ್ವಲ್ಪ ಬಿಡುವು. ಊಟದ ಹೊತ್ತಿಗೆ ಮತ್ತೆ. ಈಗ ಒಂದು ಗಂಟೆ ಬಿಡುವು. ಆಮೇಲೆ ರಾತ್ರಿ ಹತ್ತರವರೆಗೆ."

ಮಧ್ಯೆ ಬಿಡುವು ಕೊಟ್ಟಿದ್ದೇವಲ್ಲ ಎನ್ನುವುದು ಮಾಲೀಕರ ಲೆಕ್ಕ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೋಟೆಲುಗಳಿಗೂ ಅನ್ವಯಿಸುತ್ತದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆ, ಮೀರಿದರೆ ಎರಡರಷ್ಟು ಕೂಲಿ, ವಾರಕ್ಕೊಂದು ರಜೆ ಎಂದು ಆ ಕಾಯ್ದೆ ಬರೆದಿಟ್ಟಿತು. ಬಿಡುವನ್ನೂ ಸೇರಿಸಿ ಕೆಲಸದ ದಿನ ಹನ್ನೆರಡು ಗಂಟೆಗಿಂತ ಉದ್ದ ಚಾಚಬಾರದು ಎಂದೂ ಬರೆಯಿತು. ಆರರಿಂದ ಹತ್ತು ಎಂದರೆ ಹದಿನಾರು ಗಂಟೆ. ಮಹಡಿಯ ಮೇಲಿನ ಕೋಣೆಯಲ್ಲಿ ಎಂಟು ಮಂಚಗಳ ನಡುವೆ ಒಂದು ಗಂಟೆ ಅಡ್ಡಾಗಿದ್ದನ್ನು ಮನೆಗೆ ಹೋಗಿ ಬಂದದ್ದೆಂದು ಎಣಿಸಲಾಗದು.

ಹೋದ ವರ್ಷ ಸೋಪಿನ ನೀರಿನಲ್ಲಿ ಜಾರಿ ಬಿದ್ದು ಇವರ ಸೊಂಟಕ್ಕೆ ಏಟಾಗಿತ್ತು. ತಿಂಗಳಿಗೂ ಹೆಚ್ಚು ಕಾಲ ಊರಿನಲ್ಲಿ ಮಲಗಿದ್ದರು. ಅವರಿಗೆ ಸಿಕ್ಕ ಆದಾಯದ ಕತೆಯನ್ನು ಸಾವಕಾಶವಾಗಿ ಕೇಳಿಸಿಕೊಳ್ಳಿ, ಟಿಪ್ಸಿನ ನಿಜಸ್ವರೂಪ ಅಲ್ಲಿದೆ. ಅವರ ತಿಂಗಳ ದುಡಿಮೆಯಲ್ಲಿ ಮೂರನೇ ಒಂದು ಪಾಲು ಟಿಪ್ಸಿನದು. ಕೆಲಸದಲ್ಲಿ ಏಟಾಗಿ ಮಲಗಿದಾಗ ನೌಕರರ ವಿಮೆಯಾದ ಇ.ಎಸ್.ಐ. ಕೊಡುವ ಪರಿಹಾರ ವೇತನದ ಶೇ. 90. ಯಾವ ವೇತನದ ಶೇ. 90? ದಾಖಲೆಯಲ್ಲಿ ಇರುವ ವೇತನದ್ದು. ಗಿರಾಕಿ ಕೊಟ್ಟ ಹತ್ತು, ಇಪ್ಪತ್ತು ಆ ದಾಖಲೆಯಲ್ಲಿ ಇಲ್ಲ, ಇರುವಂತೆಯೂ ಇಲ್ಲ. ಟಿಪ್ಸಿನ ಬದಲಿಗೆ ಸೇವಾಶುಲ್ಕ ಸಂಗ್ರಹಿಸಿ ನೌಕರರಿಗೆ ಹಂಚಿದರೂ ಅದು ಇ.ಎಸ್.ಐ. ಕಾಯ್ದೆಯ ಲೆಕ್ಕದಲ್ಲಿ ವೇತನವಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ, ಅದೂ ನಮ್ಮ ಮೈಸೂರಿನ ಹೋಟೆಲೊಂದರ ಮೊಕದ್ದಮೆಯಲ್ಲಿ. ಭವಿಷ್ಯ ನಿಧಿಯ ಶೇ. 12 ಲೆಕ್ಕ ಹಾಕುವಾಗಲೂ ಟಿಪ್ಸು ಇಲ್ಲ. ಐದು ವರ್ಷ ದುಡಿದವರಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಬರುವ ಗ್ರಾಚ್ಯುಟಿಯಲ್ಲೂ ಇಲ್ಲ. ಮಗಳ ಮದುವೆಗೆ ಸಾಲ ಕೇಳಲು ಹೋದರೆ ಬ್ಯಾಂಕಿನವರೂ ಅದನ್ನು ಎಣಿಸುವುದಿಲ್ಲ. ಕೈಗೆ ಬಂದ ದಿನ ಅದು ದುಡ್ಡು, ಬಿದ್ದ ದಿನ ಏನೂ ಅಲ್ಲ. 2020ರ ಲಾಕ್‌ಡೌನಿನಲ್ಲಿ ಹೋಟೆಲುಗಳ ಬಾಗಿಲು ಹಾಕಿದಾಗ ಇಡೀ ದೇಶದ ಸಪ್ಲೈಯರ್‌ಗಳು ಇದನ್ನು ಒಟ್ಟಿಗೇ ಕಂಡರು.

ಹಾಗಾದರೆ ಟಿಪ್ಸು ಬೇಡವೆ? "ಬೇಡ ಅಂತ ಯಾರು ಹೇಳ್ತಾರೆ ಸಾರ್," ಎಂದು ಅವರು ನಗುತ್ತಾರೆ. "ಕೊಟ್ರೆ ಖುಷಿ. ಆದ್ರೆ ಸೇರಿಸ್ಕೊಳ್ಳೋವಾಗ್ಲೇ 'ಟಿಪ್ಸು ಬರುತ್ತಲ್ಲ' ಅಂತ ಸಂಬಳ ಇಳಿಸ್ತಾರಲ್ಲ, ಅದು ಬೇಡ."

ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಇದ್ದದ್ದೇ. ನೀವು ಸಪ್ಲೈಯರ್ ಕೈಗಿಟ್ಟ ಹಣ ಮಾಲೀಕರ ಹೊರೆ ಇಳಿಸಲಿಕ್ಕಲ್ಲ. ಭಾರತದ ಕಾನೂನಿನಲ್ಲಿ ಟಿಪ್ಸು ತೋರಿಸಿ ಕನಿಷ್ಠ ವೇತನ ಕಡಿತ ಮಾಡಲು ದಾರಿಯಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇರಲಿಲ್ಲ, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದಿರುವ ವೇತನ ಸಂಹಿತೆಯಲ್ಲೂ ಇಲ್ಲ. ಬಾಯಿಮಾತಿನಲ್ಲಿ ಮಾತ್ರ ಅದು ನಡೆಯುತ್ತಿದೆ.

ಸಂಬಳ ಏರಿಸಿದರೆ ದೋಸೆ ಯಾರಿಗೂ ಎಟುಕುವುದಿಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಬೆಳಗಿನ ಬಿಲ್ಲು ಜೇಬಿನಲ್ಲಿದ್ದರೆ ಅದರ ಹಿಂಬದಿಯಲ್ಲಿ ಲೆಕ್ಕ ಹಾಕಿ. ಇಪ್ಪತ್ತು ಜನ ಕೆಲಸದವರು, ಒಬ್ಬೊಬ್ಬರಿಗೆ ತಿಂಗಳಿಗೆ ಮೂರು ಸಾವಿರ ಹೆಚ್ಚು ಎಂದಿಟ್ಟುಕೊಳ್ಳಿ: 60,000. ದಿನಕ್ಕೆ ಸಾವಿರ ತಟ್ಟೆ ಖರ್ಚಾಗುವ ಹೋಟೆಲಾದರೆ ತಿಂಗಳಿಗೆ 30,000 ತಟ್ಟೆ. ತಟ್ಟೆಗೆ ಎರಡು ರೂಪಾಯಿ. ಬಾಡಿಗೆ, ಗ್ಯಾಸು, ಉದ್ದಿನಬೇಳೆ ಏರಿದಾಗಲೆಲ್ಲ ನಾವು ಅದಕ್ಕಿಂತ ಹೆಚ್ಚು ಕೊಟ್ಟಿದ್ದೇವೆ, ಚಕಾರ ಎತ್ತದೆ. ಮನುಷ್ಯರ ಬೆಲೆ ಏರಿದ್ದಕ್ಕೆ ಎರಡು ರೂಪಾಯಿ ಕೊಡಲು ನಾವು ಸಿದ್ಧರಿದ್ದೇವೆಂದು ಗಲ್ಲಾದಲ್ಲಿ ಕೂತವರಿಗೆ ಕೇಳುವಂತೆ ಹೇಳಬೇಕು. ಈ ಎರಡು ರೂಪಾಯಿ ತೊಟ್ಟಿಯ ಮುಂದಿನ ಅಕ್ಕನಿಗೂ ತಲುಪುತ್ತದೆ, ಭಟ್ಟರಿಗೂ ತಲುಪುತ್ತದೆ. ಟಿಪ್ಸಿಗೆ ಆ ಶಕ್ತಿಯಿಲ್ಲ.

ಎದುರಿನ ರಸ್ತೆಯ ದರ್ಶಿನಿಯಲ್ಲಿ ಟಿಪ್ಸಿನ ಮಾತೇ ಏಳುವುದಿಲ್ಲ. 1983ರಲ್ಲಿ ಜಯನಗರದಲ್ಲಿ ಮೊದಲ ಕೆಫೆ ದರ್ಶಿನಿ ತೆರೆದಾಗಿನಿಂದ ಬೆಂಗಳೂರು ನಿಂತುಕೊಂಡು ತಿನ್ನುವುದನ್ನು ಕಲಿಯಿತು; ಬಡಿಸುವ ಕೈ ಇಲ್ಲದ್ದರಿಂದ ಇಡ್ಲಿ ಅಗ್ಗವಾಯಿತು. ಆದರೆ ಅಲ್ಲಿಯೂ ಮೇಜು ಒರೆಸುವವರಿದ್ದಾರೆ. ಅವರಿಗೆ ಚಿಲ್ಲರೆಯೂ ಇಲ್ಲ, ಸಂಬಳವೊಂದೇ ಗತಿ.

ಸಂಜೆ. ಸೌತ್ ಎಂಡ್ ಸರ್ಕಲ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಎಂ.ಜಿ. ರಸ್ತೆಯಲ್ಲಿ ಇಳಿಯಿರಿ. ಈ ರಸ್ತೆಯಲ್ಲಿ 2009ರವರೆಗೆ ಇಂಡಿಯಾ ಕಾಫಿ ಹೌಸ್ ಇತ್ತು. ಬಿಳಿ ಸಮವಸ್ತ್ರ, ಸೊಂಟಕ್ಕೆ ಅಗಲ ಪಟ್ಟಿ, ತಲೆಯ ಮೇಲೆ ಬೀಸಣಿಗೆಯಂಥ ಪೇಟ ತೊಟ್ಟು ಕಾಫಿ ತಂದಿಡುತ್ತಿದ್ದವರೇ ಆ ಸಂಸ್ಥೆಯ ಒಡೆಯರೂ ಆಗಿದ್ದರು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟು ಕೆಲಸಗಾರರನ್ನು ಮನೆಗೆ ಕಳಿಸತೊಡಗಿದಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಅವನ್ನು ವಹಿಸಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲೇ, 1957ರಲ್ಲಿ. ಅಲ್ಲಿ ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಎದ್ದವರು ಯಾರ ಸಂಬಳದ ತೂತನ್ನೂ ಮುಚ್ಚುತ್ತಿರಲಿಲ್ಲ. ಆ ಪ್ರಯೋಗ ನಮ್ಮ ಊರಿನದು ಎಂಬ ಹೆಮ್ಮೆ ನನಗಿದೆ.

ಪಕ್ಕದ ಬೀದಿಯ ಎ.ಸಿ. ರೆಸ್ಟೋರೆಂಟಿನ ಗಾಜಿನ ಬಾಗಿಲನ್ನು ಯಾರೋ ನಿಮಗಾಗಿ ತೆರೆಯುತ್ತಾರೆ. ಮಂದ ಬೆಳಕು, ಬಟ್ಟೆಯ ನ್ಯಾಪ್‌ಕಿನ್ನು. ಬಡಿಸುವವನು ಚಾಮರಾಜನಗರ ಜಿಲ್ಲೆಯ ಯುವಕ. ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿ, ನಿಮ್ಮ ಕನ್ನಡ ಕಿವಿಗೆ ಬಿದ್ದೊಡನೆ ಮುಖ ಅರಳಿಸಿ ಕನ್ನಡಕ್ಕೆ ಹೊರಳುತ್ತಾನೆ. ಪಕ್ಕದ ಮೇಜಿನಲ್ಲಿ ಟೆಕ್ಸಾಸಿನಿಂದ ರಜೆಗೆ ಬಂದ ಮಗ ಅಪ್ಪನಿಗೆ ವಿವರಿಸುತ್ತಿದ್ದಾನೆ: "ಅಲ್ಲಾದ್ರೆ ಶೇಕಡಾ ಇಪ್ಪತ್ತು ಕೊಡ್ಲೇಬೇಕು ಅಪ್ಪ." ಅವನು ಹೇಳುವುದು ಸರಿ. ಟಿಪ್ಸು ಬರುವ ಕೆಲಸದವರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಟಿಪ್ಸಿನಿಂದ ತುಂಬಬೇಕು ಎಂಬ ನಿಯಮ ಅಮೆರಿಕದಲ್ಲಿದೆ. 1991ರಿಂದ ಆ ಮೊತ್ತ ಏರಿಲ್ಲ, ಟೆಕ್ಸಾಸಿನಲ್ಲಿ ಇಂದಿಗೂ ನಡೆಯುವುದು ಅದೇ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ, ಅಲ್ಲಿ ಪೂರ್ತಿ ಕನಿಷ್ಠ ವೇತನದ ಮೇಲೆ ಟಿಪ್ಸು. ನಾವು ನೋಡಿ ಕಲಿಯುವುದಾದರೆ ಎರಡನೆಯದನ್ನು ಕಲಿಯಬೇಕು.

ನಿಮ್ಮ ಬಿಲ್ಲು ಚರ್ಮದ ಹೊದಿಕೆಯಲ್ಲಿ ಬರುತ್ತದೆ. ತೆರೆದು ಓದಿ, ಮೊತ್ತವನ್ನಷ್ಟೇ ನೋಡಿ ಮುಚ್ಚಬೇಡಿ. ಊಟ 1,800. ಸೇವಾಶುಲ್ಕ ಶೇ. 10, ಅಂದರೆ 180. ಎರಡೂ ಸೇರಿದ 1,980ರ ಮೇಲೆ ಶೇ. 5 ಜಿ.ಎಸ್.ಟಿ., 99. ಒಟ್ಟು 2,079. ಜಿ.ಎಸ್.ಟಿ. ಸರ್ಕಾರದ್ದು, ಕಟ್ಟಲೇಬೇಕು. ಸೇವಾಶುಲ್ಕ ಸರ್ಕಾರದ್ದಲ್ಲ, ಹೋಟೆಲಿನವರದು. ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು, ಅದರ ಮೇಲೆ ಜಿ.ಎಸ್.ಟಿ. ಹಾಕಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ಹೋಟೆಲ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ಅದೇ ಕೋರ್ಟು ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಆದರೂ ಈ ಬಿಲ್ಲಿನಲ್ಲಿ ಆ ಸಾಲು ಇದೆ.

ಯುವಕನನ್ನು ಮೆಲ್ಲಗೆ ಕೇಳಿ: "ಈ ಸರ್ವಿಸ್ ಚಾರ್ಜು ನಿಮಗೆ ಬರುತ್ತಾ?"

ಅವನು ಗಲ್ಲಾದ ಕಡೆ ನೋಡಿ, ನಿಮ್ಮ ಕಡೆ ನೋಡಿ, "ಮ್ಯಾನೇಜರ್ ಕರೀತೀನಿ ಸಾರ್" ಎನ್ನುತ್ತಾನೆ. ಅವನಿಗೆ ಅಷ್ಟೇ ಹೇಳಲು ಸಾಧ್ಯ.

ಮ್ಯಾನೇಜರ್ ಸೌಜನ್ಯದವರೇ. ಟಿಪ್ಸು ಕೊಟ್ಟರೆ ಬಡಿಸಿದವನಿಗಷ್ಟೇ ಹೋಗುತ್ತದೆ, ಸೇವಾಶುಲ್ಕವಾದರೆ ಅಡುಗೆಯವರಿಗೆ, ಪಾತ್ರೆಯವರಿಗೆ ಎಲ್ಲರಿಗೂ ಹಂಚುತ್ತೇವೆ ಎನ್ನುತ್ತಾರೆ. ಮಧ್ಯಾಹ್ನ ತೊಟ್ಟಿಯ ಮುಂದಿನ ಅಕ್ಕನನ್ನು ನೋಡಿ ಬಂದ ನಿಮಗೆ ಈ ಮಾತಿನಲ್ಲಿ ಹುರುಳಿದೆ ಅನ್ನಿಸಬಹುದು. ಹುರುಳಿದೆ ಕೂಡ. ಹಾಗಿದ್ದರೆ ಆ ಶೇ. 10ನ್ನು ಮೆನುವಿನ ಬೆಲೆಗೇ ಸೇರಿಸಿ, ಸಂಬಳದ ಚೀಟಿಯಲ್ಲಿ ಕೊಡಲಿ. ಬೆಲೆ ನಿಗದಿ ಮಾಡುವ ಹಕ್ಕು ಅವರಿಗೆ ಇದ್ದೇ ಇದೆ. ಹಾಗೆ ಮಾಡಿದ ಕ್ಷಣ ಅದಕ್ಕೆ ಪಿ.ಎಫ್., ಇ.ಎಸ್.ಐ., ಗ್ರಾಚ್ಯುಟಿ ಎಲ್ಲವೂ ಅಂಟಿಕೊಳ್ಳುತ್ತದೆ. ಬಿಲ್ಲಿನಲ್ಲಿ ಬೇರೆ ಸಾಲಾಗಿ ನಿಂತಷ್ಟು ಕಾಲ ಅದು ಯಾರ ಕೈಗೆ ಎಷ್ಟು ಹೋಯಿತೆಂದು ನೀವೂ ಕೇಳುವಂತಿಲ್ಲ, ಬಡಿಸಿದ ಯುವಕನೂ ಕೇಳುವಂತಿಲ್ಲ.

"ತೆಗೆದುಬಿಡಿ," ಎಂದು ಹೇಳಿ. ದನಿ ಏರಿಸಬೇಕಿಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ ಎಂದು ನೆನಪಿಸಿದರೆ ಸಾಕು. ಎರಡು ನಿಮಿಷದಲ್ಲಿ ಹೊಸ ಬಿಲ್ಲು: 1,800, ಜಿ.ಎಸ್.ಟಿ. 90, ಒಟ್ಟು 1,890. ಉಳಿದ 189ನ್ನು ಉಳಿತಾಯವೆಂದು ಜೇಬಿಗಿಳಿಸಿದರೆ ನೀವು ಮಾಡಿದ್ದು ಅರ್ಧ ಕೆಲಸ. ಇನ್ನೂರು ರೂಪಾಯಿ ಯುವಕನ ಕೈಗೆ ಕೊಡಿ, ಒಳಗಿನವರೊಂದಿಗೂ ಹಂಚಿಕೊಳ್ಳಲು ಹೇಳಿ.

ಹನ್ನೊಂದರ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಅವನು ಮತ್ತೆ ಸಿಗುತ್ತಾನೆ. ಸಮವಸ್ತ್ರ ಕಳಚಿ ಮಾಮೂಲಿ ಟೀ ಶರ್ಟು ಹಾಕಿಕೊಂಡಿದ್ದಾನೆ, ಜೊತೆಗೆ ಇನ್ನಿಬ್ಬರು. ಮ್ಯಾನೇಜರ್ ಕಣ್ಣಿಲ್ಲದ ಕಡೆ ಮಾತು ಸಲೀಸು. ಫೋನು ತೆಗೆದು ಸಂಬಳದ ಚೀಟಿ ತೋರಿಸುತ್ತಾನೆ. ಮೂಲ ವೇತನ, ಪಿ.ಎಫ್., ಇ.ಎಸ್.ಐ. ಕಡಿತ, ಕೈಗೆ ಬಂದದ್ದು. ಬೆರಳಿನಲ್ಲಿ ಕೆಳಗಿನವರೆಗೂ ಸರಿಸುತ್ತಾನೆ. ಸೇವಾಶುಲ್ಕದ ಸಾಲು ಎಲ್ಲಿಯೂ ಇಲ್ಲ.

"ಕೆಲವು ತಿಂಗಳು ಕವರಲ್ಲಿ ಏನೋ ಕೊಡ್ತಾರೆ ಸಾರ್. ಎಷ್ಟು ಬಂತು, ಎಷ್ಟು ಹಂಚಿದ್ರು ಅಂತ ಗೊತ್ತಾಗಲ್ಲ."

"ಕೇಳಿದೀರಾ?"

"ಒಬ್ಬನೇ ಕೇಳಿದ್ರೆ ಮಾರನೇ ದಿನ ಡ್ಯೂಟಿ ಬದಲಾಗುತ್ತೆ," ಎನ್ನುತ್ತಾನೆ ಇನ್ನೊಬ್ಬ. ಅವನು ಅಡುಗೆಮನೆಯವನು, ಕೈಯಿಂದ ಬೆಳ್ಳುಳ್ಳಿಯ ವಾಸನೆ ಇನ್ನೂ ಹೋಗಿಲ್ಲ. "ಸೋ, ಮೂರು ಜನ ಒಟ್ಟಿಗೆ ಹೋಗೋದು ಅಂತ ಮಾತಾಡ್ಕೊಂಡಿದೀವಿ."

ಸಂಬಳ ಆಗುವುದು ತಿಂಗಳ ಏಳನೇ ತಾರೀಖಿನೊಳಗೆ. ಹೋದ ಮೂರು ತಿಂಗಳ ಸೇವಾಶುಲ್ಕದ ಲೆಕ್ಕ ಕೊಡಿ ಎಂದು ಅರ್ಧ ಪುಟದ ಅರ್ಜಿ ಬರೆದಿದ್ದಾರೆ, ಕನ್ನಡದಲ್ಲಿ. ಯುವಕ ಅದನ್ನು ನಿಮ್ಮ ಕೈಗೆ ಕೊಟ್ಟು, ತಪ್ಪಿದ್ದರೆ ತಿದ್ದಿಕೊಡಿ ಎನ್ನುತ್ತಾನೆ. ಬೀದಿದೀಪದ ಕೆಳಗೆ ನಿಂತು ಓದಿ. ತಾರೀಖು ಹಾಕುವುದನ್ನು ಮರೆತಿದ್ದಾರೆ, ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆದು ತಮ್ಮ ಬಳಿ ಇಟ್ಟುಕೊಳ್ಳಬೇಕೆಂದೂ ಅವರಿಗೆ ಗೊತ್ತಿಲ್ಲ. ಅದಿಷ್ಟನ್ನು ಹೇಳುವಷ್ಟರಲ್ಲಿ ಬಸ್ಸು ಬರುತ್ತದೆ. ಮೂವರೂ ಹತ್ತುತ್ತಾರೆ. ಏಳನೇ ತಾರೀಖಿಗೆ ಇನ್ನು ನಾಲ್ಕು ದಿನವಿದೆ.